ಬ್ಯಾಂಕ್ಸನ ಸಸ್ಯಫಲಕಗಳು: ಮೂಲ, ಪ್ರತಿ, ಟೀಕೆ

೧

ಗ್ರಂಥಸಂಪಾದನೆಯ ಕಾರ್ಯದಲ್ಲಿ ತೊಡಗಿದವರೆಲ್ಲರಿಗೂ ಪರಿಚಿತವಾದ ಪ್ರಶ್ನೆಯೊಂದುಂಟು. ಕವಿಯ ಸ್ವಹಸ್ತದ ಪ್ರತಿಯು ದೊರೆಯದೆ, ಹಲವು ಲಿಪಿಕಾರರ ಕೈಗಳನ್ನು ದಾಟಿಬಂದ ಓಲೆಗಳು ಮಾತ್ರ ಉಳಿದಿರುವಲ್ಲಿ, ಕವಿಯ ಮಾತು ಯಾವುದು, ಲಿಪಿಕಾರನ ಮಾತು ಯಾವುದು ಎಂಬುದನ್ನು ನಿರ್ಣಯಿಸುವ ಬಗೆ ಹೇಗೆ? ಈ ಪ್ರಶ್ನೆಯು ಕಾವ್ಯಗಳಿಗೆ ಮಾತ್ರ ಸೇರಿದುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಚಿತ್ರಗಳ ವಿಷಯದಲ್ಲಿಯೂ, ವಿಶೇಷವಾಗಿ ಒಬ್ಬನು ಬರೆದು ಇನ್ನೊಬ್ಬನು ತಿದ್ದಿ ಮತ್ತೊಬ್ಬನು ಲೋಹದಲ್ಲಿ ಕಂಡರಿಸಿದ ಚಿತ್ರಗಳ ವಿಷಯದಲ್ಲಿ, ಅದು ಅಷ್ಟೇ ಬಲವಾಗಿ ಎದುರುನಿಲ್ಲುತ್ತದೆ.

ಹದಿನೆಂಟನೆಯ ಶತಮಾನದಲ್ಲಿ ಯುರೋಪಿನ ರಾಜ್ಯಗಳು ಭೂಮಂಡಲದ ಅಜ್ಞಾತ ಭಾಗಗಳನ್ನು ಅರಿಯಲೆಂದು ಕಳುಹಿಸಿದ ಹಡಗುಗಳಲ್ಲಿ ಸಸ್ಯಶಾಸ್ತ್ರಜ್ಞರೂ ಚಿತ್ರಕಾರರೂ ಹೋಗುತ್ತಿದ್ದರು. ಅವರು ತಂದ ಗಿಡಮರಗಳ ರೂಪಗಳನ್ನು ತಾಮ್ರದ ಫಲಕಗಳಲ್ಲಿ ಕಂಡರಿಸಿ ಅಚ್ಚುಮಾಡಿದ ಸಂಪುಟಗಳು ಇಂದು ಕಲೆಯ ಭಂಡಾರಗಳಲ್ಲಿಯೂ ಶಾಸ್ತ್ರದ ಭಂಡಾರಗಳಲ್ಲಿಯೂ ಸಮಾನವಾಗಿ ಗಣ್ಯವಾಗಿವೆ. ಅವುಗಳನ್ನು ಕುರಿತು ಬರೆದವರು ಬಹುಮಟ್ಟಿಗೆ ಒಂದೇ ಮಾತನ್ನು ಹೇಳುತ್ತಾರೆ: ಪ್ರಕೃತಿಯೇ ಕಾಗದದ ಮೇಲೆ ಇಳಿದಂತಿದೆ ಎಂದು. ಈ ಪ್ರಶಂಸೆ ಆದರಪೂರ್ವಕವಾದುದಾದರೂ ವಿಮರ್ಶೆಯಲ್ಲ. ಪ್ರಕೃತಿಗೂ ಕಾಗದಕ್ಕೂ ನಡುವೆ ನಿಂತ ಕೈಗಳೆಷ್ಟು, ಪ್ರತಿಯೊಂದು ಕೈಯೂ ಏನನ್ನು ಉಳಿಸಿತು, ಏನನ್ನು ಕಳೆಯಿತು, ಏನನ್ನು ಕೂಡಿಸಿತು ಎಂಬುದನ್ನು ಅದು ಕೇಳುವುದೇ ಇಲ್ಲ.

ಪ್ರಕೃತ ಲೇಖನದಲ್ಲಿ ಅಂತಹ ಫಲಕಗಳ ಒಂದು ಸಮುದಾಯವನ್ನು, ಎಂದರೆ ಜೇಮ್ಸ್ ಕುಕ್ಕನ ಪ್ರಥಮ ಯಾನದಲ್ಲಿ ಜೋಸೆಫ್ ಬ್ಯಾಂಕ್ಸನು ಸಂಗ್ರಹಿಸಿದ ಸಸ್ಯಗಳ ಫಲಕಗಳನ್ನು, ಒಂದು ಪಾಠದಂತೆ ಪರಿಶೀಲಿಸುವುದು ನಮ್ಮ ಉದ್ದೇಶ. ಅದರ ಮೂಲ ಯಾವುದು, ಪ್ರತಿ ಯಾವುದು, ಟೀಕೆ ಯಾವುದು ಎಂಬ ವಿವೇಚನೆಯಿಲ್ಲದೆ ಅದರ ಗುಣದೋಷಗಳನ್ನು ಹೇಳುವುದು ಸಾಧ್ಯವಿಲ್ಲವೆಂದು ನಮ್ಮ ಅಭಿಪ್ರಾಯ.

೨

ಎಂಡೆವರ್ ಎಂಬ ಹಡಗು ೧೭೬೮ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಪ್ಲಿಮತ್ ರೇವನ್ನು ಬಿಟ್ಟು, ೧೭೭೧ರ ಜುಲೈ ತಿಂಗಳಲ್ಲಿ ಇಂಗ್ಲೆಂಡಿಗೆ ಹಿಂದಿರುಗಿತು. ೧೭೬೯ರ ಜೂನ್ ೩ರಂದು ಶುಕ್ರಗ್ರಹವು ಸೂರ್ಯಬಿಂಬವನ್ನು ದಾಟುವುದನ್ನು ತಾಹಿತಿ ದ್ವೀಪದಿಂದ ವೀಕ್ಷಿಸುವುದು ಯಾನದ ಪ್ರಕಟವಾದ ಉದ್ದೇಶವಾಗಿದ್ದಿತು. ಶ್ರೀಮಂತನೂ ಇಪ್ಪತ್ತೈದು ವರ್ಷದ ತರುಣನೂ ಆದ ಬ್ಯಾಂಕ್ಸನು ತನ್ನ ಸ್ವಂತ ವೆಚ್ಚದಿಂದ ಒಂದು ಪರಿವಾರವನ್ನು ಕಟ್ಟಿಕೊಂಡು ಹಡಗನ್ನೇರಿದನು. ಲಿನ್ನೇಯಸನ ಶಿಷ್ಯನಾದ ಡೇನಿಯಲ್ ಸೊಲಾಂಡರನು ಅದರಲ್ಲಿ ಶಾಸ್ತ್ರಜ್ಞ. ಹರ್ಮನ್ ಸ್ಪೋರಿಂಗನು ಸಹಾಯಕ. ಅಲೆಕ್ಸಾಂಡರ್ ಬ್ಯೂಕನನು ಭೂದೃಶ್ಯಗಳ ಚಿತ್ರಕಾರ. ಎಡಿನ್‌ಬರೋ ನಗರದ ಸಿಡ್ನಿ ಪಾರ್ಕಿನ್‌ಸನ್ನನು ಸಸ್ಯಪ್ರಾಣಿಗಳ ಚಿತ್ರಕಾರ.

ಇವರಲ್ಲಿ ಬ್ಯೂಕನನು ತಾಹಿತಿಯನ್ನು ಸೇರಿದ ಕೆಲವೇ ದಿನಗಳಲ್ಲಿ ತೀರಿಕೊಂಡನು. ಭೂದೃಶ್ಯಗಳ ಹೊರೆಯೂ ಪಾರ್ಕಿನ್‌ಸನ್ನನ ಮೇಲೆಯೇ ಬಿದ್ದಿತು. ತಾಹಿತಿಯಲ್ಲಿ ನೊಣಗಳು ಕಾಗದದ ಮೇಲೆ ಹಚ್ಚಿದ ಬಣ್ಣವನ್ನು ಹಚ್ಚಿದಂತೆಲ್ಲ ತಿಂದುಹಾಕುತ್ತಿದ್ದುದರಿಂದ, ಚಿತ್ರಕಾರನೂ ಅವನ ಮೇಜೂ ಕುರ್ಚಿಯೂ ಸೊಳ್ಳೆಪರದೆಯೊಳಗೆ ಸೇರಬೇಕಾಯಿತೆಂದು ಬ್ಯಾಂಕ್ಸನ ದಿನಚರಿಯಿಂದ ತಿಳಿಯಬರುತ್ತದೆ. ೧೭೭೦ರ ಏಪ್ರಿಲ್ ಕೊನೆಯಲ್ಲಿ ಆಸ್ಟ್ರೇಲಿಯದ ಪೂರ್ವತೀರದ ಬಾಟನಿ ಕೊಲ್ಲಿಯನ್ನು ಸೇರಿದಾಗ, ಯುರೋಪಿನ ಸಸ್ಯಶಾಸ್ತ್ರಜ್ಞರು ಎಂದೂ ಕಾಣದ ಗಿಡಗಳು ರಾಶಿರಾಶಿಯಾಗಿ ಬಂದು ಬಿದ್ದುವು. ಹದಿನಾಲ್ಕು ದಿನಗಳಲ್ಲಿ ಪಾರ್ಕಿನ್‌ಸನ್ನನು ೯೪ ಕರಡುಚಿತ್ರಗಳನ್ನು ಬರೆದನೆಂದು ಬ್ಯಾಂಕ್ಸನೇ ಲೆಕ್ಕವಿಟ್ಟಿದ್ದಾನೆ.

ಹಡಗು ಬಟೇವಿಯದಲ್ಲಿ ದುರಸ್ತಿಗಾಗಿ ನಿಂತಾಗ ಅಂಟಿದ ರೋಗಗಳು ಪರಿವಾರವನ್ನು ನಾಶಮಾಡಿದುವು. ಅಲ್ಲಿಂದ ಹೊರಟ ಬಳಿಕ ೧೭೭೧ರ ಜನವರಿಯಲ್ಲಿ ಸ್ಪೋರಿಂಗನೂ, ಅದೇ ತಿಂಗಳ ೨೬ರಂದು ಪಾರ್ಕಿನ್‌ಸನ್ನನೂ ಸಮುದ್ರದಲ್ಲಿಯೇ ಮೃತರಾದರು. ಪಾರ್ಕಿನ್‌ಸನ್ನನಿಗೆ ಆಗ ಇಪ್ಪತ್ತೈದು ಇಪ್ಪತ್ತಾರರ ಪ್ರಾಯ. ಅವನು ಬಿಟ್ಟುಹೋದ ಸಸ್ಯಚಿತ್ರಗಳು ಒಂಬೈನೂರಕ್ಕೂ ಮಿಕ್ಕಿದ್ದುವು. ಅವುಗಳಲ್ಲಿ ಪೂರ್ಣಗೊಂಡವು ಸುಮಾರು ೨೮೦ ಮಾತ್ರ. ಉಳಿದುವೆಲ್ಲ ಕರಡುಗಳು.

ಊರಿಗೆ ಹಿಂದಿರುಗಿದ ಬ್ಯಾಂಕ್ಸನು ಈ ಕರಡುಗಳನ್ನು ಪೂರ್ಣಗೊಳಿಸಲು ಐವರು ಚಿತ್ರಕಾರರನ್ನು ನಿಯಮಿಸಿದನು: ಫ್ರೆಡರಿಕ್ ಪಾಲಿಡೋರ್ ನಾಡರ್, ಜಾನ್ ಫ್ರೆಡರಿಕ್ ಮಿಲ್ಲರ್, ಜೇಮ್ಸ್ ಮಿಲ್ಲರ್, ಜಾನ್ ಕ್ಲೀವ್ಲಿ, ಥಾಮಸ್ ಬರ್ಜಿಸ್. ಪೂರ್ಣಗೊಂಡ ಚಿತ್ರಗಳನ್ನು ತಾಮ್ರದಲ್ಲಿ ಇಳಿಸಲು ಹದಿನೆಂಟು ಮಂದಿ ಕಂಡರಣೆಗಾರರು ದುಡಿದರು. ಡೇನಿಯಲ್ ಮೆಕೆಂಜಿಯು ಅವರಲ್ಲಿ ಪ್ರಮುಖನು. ೧೭೮೪ರ ವೇಳೆಗೆ ೭೪೩ ಫಲಕಗಳು ಸಿದ್ಧವಾದುವು.

ಹೀಗೆ ಒಂದೊಂದು ಫಲಕದ ಹಿಂದೆಯೂ ಗಿಡವನ್ನು ಕಿತ್ತು ಒಣಗಿಸಿದವನು, ಅದನ್ನು ವರ್ಣಿಸಿದವನು, ಕರಡನ್ನು ಬರೆದವನು, ಕರಡನ್ನು ತುಂಬಿದವನು, ತಾಮ್ರದಲ್ಲಿ ಕೊರೆದವನು ಎಂಬ ಸರಣಿಯಿದೆ. ಒಂದು ಕಾವ್ಯವು ಐದು ತಲೆಮಾರುಗಳಲ್ಲಿ ಕಾಣುವ ಪ್ರತಿಪರಂಪರೆಯನ್ನು ಈ ಚಿತ್ರಗಳು ಹದಿನಾರು ವರ್ಷಗಳಲ್ಲಿ ಕಂಡುವು.

೩

ಈ ಸರಣಿಯಲ್ಲಿ ಮೂಲವೆಂದು ಕರೆಯಲು ಯೋಗ್ಯವಾದುದು ಯಾವುದು? ಒಣಗಿದ ಗಿಡವೇ ಮೂಲವೆಂದು ಶಾಸ್ತ್ರಜ್ಞನು ಹೇಳಬಹುದು. ಆದರೆ ಒಣಗಿದ ಗಿಡದಲ್ಲಿ ಬಣ್ಣವಿಲ್ಲ, ಬಾಗಿಲ್ಲ, ಬಳುಕಿಲ್ಲ. ಜೀವಂತವಾದ ಗಿಡವನ್ನು ಕಣ್ಣಾರೆ ಕಂಡು, ಅದು ಬಾಡುವ ಮೊದಲೇ ಕಾಗದಕ್ಕೆ ತಂದ ಸಾಕ್ಷಿಯೆಂದರೆ ಪಾರ್ಕಿನ್‌ಸನ್ನನ ಕರಡು ಒಂದೇ. ಆದುದರಿಂದ ಚಿತ್ರದ ದೃಷ್ಟಿಯಿಂದ ಅದನ್ನೇ ಮೂಲವೆಂದು ಹಿಡಿಯಬೇಕಾಗುತ್ತದೆ.

ಈ ಕರಡುಗಳ ರೀತಿಯು ಗಮನಾರ್ಹವಾದುದು. ಯಾನದ ಆರಂಭದಲ್ಲಿ, ಬ್ರೆಜಿಲಿನಲ್ಲಿಯೂ ತಾಹಿತಿಯ ಸುತ್ತಣ ದ್ವೀಪಗಳಲ್ಲಿಯೂ, ಗಿಡಗಳ ಸಂಖ್ಯೆ ಮಿತವಾಗಿದ್ದುದರಿಂದ ಪಾರ್ಕಿನ್‌ಸನ್ನನು ಅನೇಕ ಚಿತ್ರಗಳನ್ನು ತಾನೇ ಮುಗಿಸಿದನು. ಆಸ್ಟ್ರೇಲಿಯವನ್ನು ಮುಟ್ಟಿದ ಮೇಲೆ ಅದು ಅಶಕ್ಯವಾಯಿತು. ಆಗ ಅವನು ಸೀಸದ ಕಡ್ಡಿಯಿಂದ ಇಡೀ ರೆಂಬೆಯ ಹೊರರೇಖೆಯನ್ನು ಬರೆದು, ಒಂದು ಎಲೆಗೆ, ಒಂದು ಹೂವಿಗೆ, ಕೆಲವೊಮ್ಮೆ ಎಲೆಯ ಒಂದು ತುಂಡಿಗೆ ಮಾತ್ರ ಬಣ್ಣವನ್ನು ಹಚ್ಚಿ, ಉಳಿದುದನ್ನು ಬರಿದಾಗಿ ಬಿಟ್ಟನು. ಕಾಗದದ ಹಿಂಬದಿಯಲ್ಲಿ ಎಲೆಯ ಮೇಲ್ಮೈ ಯಾವ ಹಸಿರು, ಕೆಳಮೈ ಯಾವ ಛಾಯೆ, ಕೇಸರದ ತುದಿ ಎಂತಹ ಹಳದಿ ಎಂಬುದನ್ನು ಮಾತುಗಳಲ್ಲಿ ಬರೆದಿಟ್ಟನು. ಊರಿಗೆ ಹೋದಮೇಲೆ ಮುಗಿಸುವೆನೆಂಬುದು ಅವನ ಸಂಕಲ್ಪವಾಗಿದ್ದಿತೆಂಬುದರಲ್ಲಿ ಸಂದೇಹವಿಲ್ಲ.

ಓಲೆಯ ಪ್ರತಿಗಳಲ್ಲಿ ಅಕ್ಷರಗಳು ನಷ್ಟವಾಗಿರುವೆಡೆ ಗ್ರಂಥಪಾತವೆಂದು ಗುರುತಿಸಿ, ಅಷ್ಟು ಸ್ಥಳವನ್ನು ಬರಿದಾಗಿ ಬಿಡುವ ಸಂಪಾದಕನನ್ನು ನಾವು ಪ್ರಾಮಾಣಿಕನೆಂದು ಗೌರವಿಸುತ್ತೇವೆ. ಪಾರ್ಕಿನ್‌ಸನ್ನನ ಬರಿದಾದ ಎಲೆಗಳಿಗೂ ಅಂತಹ ಒಂದು ಮಾನವುಂಟು. ಕಂಡದ್ದು ಎಷ್ಟು, ಕಾಲವು ಒದಗಿಸಿದ್ದು ಎಷ್ಟು ಎಂಬುದರ ಎಲ್ಲೆಯನ್ನು ಅವು ಸ್ಪಷ್ಟವಾಗಿ ತೋರಿಸುತ್ತವೆ. ಬಣ್ಣವಿರುವಲ್ಲಿ ಅದು ಸಾಕ್ಷ್ಯ, ಇಲ್ಲದಿರುವಲ್ಲಿ ಮೌನ. ಈ ಮೌನವನ್ನು ಲಂಡನ್ನಿನಲ್ಲಿ ತುಂಬಿದವರು ಆ ಗಿಡಗಳನ್ನು ಅವು ಬೆಳೆದ ನೆಲದಲ್ಲಿ ಕಂಡವರಲ್ಲ.

ಹಾಗೆಂದು ಅವರ ಕೆಲಸವನ್ನು ಬರಿಯ ಊಹೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅವರ ಮುಂದೆ ಕರಡಿನ ಹೊರರೇಖೆಯಿದ್ದಿತು, ಒಣಗಿದ ಗಿಡವಿದ್ದಿತು, ಬಣ್ಣಗಳ ಟಿಪ್ಪಣಿಯಿದ್ದಿತು, ಯಾನದಲ್ಲಿ ಜೊತೆಗಿದ್ದ ಬ್ಯಾಂಕ್ಸನೂ ಸೊಲಾಂಡರನೂ ತಿದ್ದಿಹೇಳಲು ಇದ್ದರು. ಬಾಟನಿ ಕೊಲ್ಲಿಯಲ್ಲಿ ದೊರೆತ, ಮುಂದೆ ೧೭೮೨ರಲ್ಲಿ ಕಿರಿಯ ಲಿನ್ನೇಯಸನು ಬ್ಯಾಂಕ್ಸನ ಹೆಸರಿನಿಂದಲೇ ನಾಮಕರಣಮಾಡಿದ ಬ್ಯಾಂಕ್ಸಿಯ ಸೆರಾಟ ಎಂಬ ಗಿಡವನ್ನು ನೋಡಬಹುದು. ಜಾನ್ ಫ್ರೆಡರಿಕ್ ಮಿಲ್ಲರನು ಪಾರ್ಕಿನ್‌ಸನ್ನನ ಕರಡಿನಿಂದ ೧೭೭೩ರಲ್ಲಿ ಪೂರ್ಣಗೊಳಿಸಿದ ಚಿತ್ರದಲ್ಲಿ ಗರಗಸದ ಹಲ್ಲಿನಂತಹ ಎಲೆಯಂಚು, ನೂರಾರು ಹೂಗಳು ಒತ್ತಾಗಿ ಸೇರಿದ ದಪ್ಪನಾದ ಮಂಜರಿ, ಎಲ್ಲವೂ ಶಾಸ್ತ್ರಕ್ಕೆ ಬೇಕಾದಷ್ಟು ನಿಖರವಾಗಿವೆ. ಆದರೆ ಪ್ರತಿಯೊಂದು ಎಲೆಯೂ ಸಮನಾಗಿ ಮುಗಿದಿರುವುದರಿಂದ, ಕಂಡು ಬರೆದ ಎಲೆ ಯಾವುದು, ಅದನ್ನು ನೋಡಿ ತುಂಬಿದ ಎಲೆ ಯಾವುದು ಎಂಬ ಭೇದವು ಅಳಿಸಿಹೋಗಿದೆ. ಪಾಠವು ಶುದ್ಧವಾಯಿತು, ಪಾಠದ ಚರಿತ್ರೆಯು ಮರೆಯಾಯಿತು.

೪

ಮುಂದಿನ ಹಂತ ಕಂಡರಣೆಯದು. ಅದರ ವಿಧಾನವನ್ನು ಅರಿಯದೆ ಫಲಕಗಳ ಗುಣವನ್ನು ಅರಿಯುವುದು ಕಷ್ಟ. ನಯಮಾಡಿದ ತಾಮ್ರದ ತಗಡನ್ನು ಸಣ್ಣ ದಿಂಬಿನ ಮೇಲಿಟ್ಟು, ಮೊನಚಾದ ಉಕ್ಕಿನ ಉಳಿಯನ್ನು ಅಂಗೈಯಿಂದ ಒತ್ತಿ ಗೆರೆಯನ್ನು ಕೊರೆಯುತ್ತಾರೆ. ಗೆರೆಯು ಬಳುಕಬೇಕಾದಲ್ಲಿ ಉಳಿಗಿಂತ ಹೆಚ್ಚಾಗಿ ತಗಡೇ ತಿರುಗುತ್ತದೆ. ಒತ್ತಿದಷ್ಟೂ ಗೆರೆ ಆಳವಾಗಿ ಅಗಲವಾಗುತ್ತದೆ. ಸಡಿಲಿಸಿದರೆ ಕೂದಲಿನಂತೆ ತೆಳುವಾಗುತ್ತದೆ. ಬಳಿಕ ಮಸಿಯನ್ನು ಹಚ್ಚಿ ಮೇಲ್ಮೈಯನ್ನು ಒರೆಸಿದಾಗ ಗೆರೆಗಳ ಒಳಗೆ ಮಾತ್ರ ಮಸಿ ನಿಲ್ಲುತ್ತದೆ. ಒದ್ದೆಯಾದ ಕಾಗದವನ್ನಿಟ್ಟು ಉರುಳೆಗಳ ನಡುವೆ ಒತ್ತಿದರೆ ಆ ಮಸಿಯು ಕಾಗದಕ್ಕೆ ಏರುತ್ತದೆ. ಅಚ್ಚಿನಲ್ಲಿ ಚಿತ್ರವು ಎಡಬಲ ತಿರುಗುವುದರಿಂದ ಕಂಡರಣೆಗಾರನು ತಗಡಿನ ಮೇಲೆ ಕನ್ನಡಿಯೊಳಗಿನ ರೂಪವನ್ನೇ ಕೊರೆಯಬೇಕು. ಬಳ್ಳಿಯು ಆಸರೆಗೆ ಸುತ್ತುವ ದಿಕ್ಕು ಅದರ ಲಕ್ಷಣಗಳಲ್ಲೊಂದಾಗಿರುವ ಸಸ್ಯಶಾಸ್ತ್ರದಲ್ಲಿ ಇದು ಸಣ್ಣ ವಿಷಯವಲ್ಲ.

ಈ ಸಾಧನದಲ್ಲಿ ಬಣ್ಣವಿಲ್ಲ, ನೀರ್ಬಣ್ಣದ ಮಂಜು ಇಲ್ಲ. ಇರುವುದೆಲ್ಲ ಗೆರೆ ಮತ್ತು ಗೆರೆಗಳ ನಡುವಣ ಬಿಳುಪು. ಆದುದರಿಂದ ಕಂಡರಣೆಗಾರನು ಪ್ರತಿಯೊಂದು ಕಡೆಯಲ್ಲಿಯೂ ನಿರ್ಣಯವನ್ನು ಮಾಡಲೇಬೇಕು. ಕುಂಚವು ಮಸುಕಾಗಿ ಬಿಟ್ಟ ಅಂಚನ್ನು ಉಳಿಯು ಮಸುಕಾಗಿ ಬಿಡಲಾರದು. ಇಲ್ಲಿ ಅಂಚು ಇದೆ ಅಥವಾ ಇಲ್ಲ ಎಂದು ಹೇಳಬೇಕು. ಈ ನಿರ್ಬಂಧವೇ ಈ ಕಲೆಯ ಶಕ್ತಿ. ಒಂದು ಗಿಡದ ಒಂದು ದಿನದ ರೂಪದಿಂದ ಆ ಪ್ರಭೇದದ ಸ್ಥಿರವಾದ ರೂಪಕ್ಕೆ ಚಿತ್ರವು ಏರುವುದು ಇಲ್ಲಿಯೇ. ಹುಳು ತಿಂದ ಎಲೆ, ಮುರಿದ ತೊಟ್ಟು, ಗಾಳಿಗೆ ಬಾಗಿದ ಹೂ ಇವೆಲ್ಲ ಬಿಟ್ಟುಹೋಗಿ, ಆ ಗಿಡವು ಎಲ್ಲಿ ಬೆಳೆದರೂ ತಪ್ಪದೆ ಇರುವ ಲಕ್ಷಣವು ನಿಲ್ಲುತ್ತದೆ. ನಮ್ಮ ಆಲಂಕಾರಿಕರು ರಸದ ವಿಚಾರದಲ್ಲಿ ಸಾಧಾರಣೀಕರಣವೆಂದು ಕರೆದ ವ್ಯಾಪಾರಕ್ಕೆ, ಎಂದರೆ ಒಬ್ಬನದಾದ ಭಾವವು ಎಲ್ಲರದೂ ಆಗುವುದಕ್ಕೆ, ಇದು ಸಸ್ಯಲೋಕದಲ್ಲಿನ ಸಮಾನವಾದ ವ್ಯಾಪಾರವೆಂದರೆ ಅತಿಶಯೋಕ್ತಿಯಾಗದು.

ಬಣ್ಣವಿಲ್ಲದಿರುವುದು ಕೊರತೆಯೇ ಎಂಬ ಪ್ರಶ್ನೆಗೆ ಒಂದು ಉದಾಹರಣೆಯನ್ನು ಕೊಡಬಹುದು. ೧೭೬೮ರಲ್ಲಿ ರಿಯೋ ಡಿ ಜನೈರೋ ಪಟ್ಟಣದಲ್ಲಿ ಪೋರ್ತುಗೀಸ್ ಅಧಿಕಾರಿಯು ಬ್ಯಾಂಕ್ಸನ ಪರಿವಾರಕ್ಕೆ ನೆಲಕ್ಕಿಳಿಯಲು ಅನುಮತಿಯನ್ನು ಕೊಡಲಿಲ್ಲ. ಆದರೂ ಗುಟ್ಟಾಗಿ ಇಳಿದೂ ಹಡಗಿಗೆ ತರಿಸಿಕೊಂಡೂ ಅವರು ಅನೇಕ ಗಿಡಗಳನ್ನು ಸಂಪಾದಿಸಿದರು. ಅವುಗಳಲ್ಲಿ ಒಂದು, ಇಂದು ನಮ್ಮ ಊರುಗಳ ಬೇಲಿಗಳಲ್ಲಿಯೂ ಕೈತೋಟಗಳಲ್ಲಿಯೂ ಕಾಗದದ ಹೂವೆಂದು ಎಲ್ಲರೂ ಬಲ್ಲ ಬೋಗನ್‌ವಿಲ್ಲ. ಅದರಲ್ಲಿ ನಾವು ಹೂವೆಂದು ಕರೆಯುವ ನೇರಿಳೆಗೆಂಪಿನ ದಳಗಳು ದಳಗಳೇ ಅಲ್ಲ. ಅವು ಬಣ್ಣ ತಳೆದ ಎಲೆಗಳು. ನಿಜವಾದ ಹೂವು ಅವುಗಳ ನಡುನರಕ್ಕೆ ಅಂಟಿಕೊಂಡಿರುವ ಸಣ್ಣ ಕೊಳವೆ. ಬಣ್ಣದ ಚಿತ್ರವನ್ನು ನೋಡಿದವನ ಕಣ್ಣು ಆ ಉಜ್ಜ್ವಲವಾದ ಬಣ್ಣಕ್ಕೆ ಸೋತು ಹೂವೆಂದೇ ಗ್ರಹಿಸುತ್ತದೆ. ಅದೇ ಗಿಡದ ಕಪ್ಪುಮಸಿಯ ಅಚ್ಚಿನಲ್ಲಿ ಬಣ್ಣದ ಮೋಸವಿಲ್ಲದಿರುವುದರಿಂದ, ನಡುನರವೂ ಅದರಿಂದ ಕವಲೊಡೆದ ಬಲೆಯಂತಹ ನರಗಳೂ ಎದ್ದುಕಾಣುತ್ತವೆ. ಇದು ಎಲೆ ಎಂದು ಕಣ್ಣು ಒಡನೆಯೇ ಒಪ್ಪಿಕೊಳ್ಳುತ್ತದೆ. ಬಣ್ಣವು ಲೋಕದ ಮಾತನ್ನು ಹೇಳಿದರೆ ಗೆರೆಯು ಶಾಸ್ತ್ರದ ಮಾತನ್ನು ಹೇಳುತ್ತದೆ.

ವಿಷ್ಣುಧರ್ಮೋತ್ತರದ ಚಿತ್ರಸೂತ್ರದಲ್ಲಿ ಆಚಾರ್ಯರ ಮನ್ನಣೆಯು ರೇಖೆಗೂ ಸಾಮಾನ್ಯರ ಮೆಚ್ಚುಗೆಯು ವರ್ಣಸಮೃದ್ಧಿಗೂ ಸಲ್ಲುವುದೆಂಬ ವಿಭಾಗವಿರುವುದನ್ನು ವಿದ್ವಾಂಸರು ಬಲ್ಲರು. ಅದನ್ನು ಪಾಂಡಿತ್ಯದ ಬಿಂಕವೆಂದು ತಳ್ಳಿಹಾಕುವವರಿಗೆ ಈ ಫಲಕವು ಸಮಾಧಾನವನ್ನು ಹೇಳಬಲ್ಲುದು.

ಆದರೆ ಗೆರೆಯ ಭಾಷೆಗೂ ಒಂದು ದೋಷವುಂಟು. ಒತ್ತಾದ ಗೆರೆಗಳು ನೆರಳನ್ನೂ ಸೂಚಿಸುತ್ತವೆ, ಕಡುಬಣ್ಣವನ್ನೂ ಸೂಚಿಸುತ್ತವೆ. ವಿರಳವಾದ ಗೆರೆಗಳು ಬೆಳಕು ಬಿದ್ದ ಎಲೆಯನ್ನೂ ಸ್ವಭಾವತಃ ಬಿಳುಪಾದ ಎಲೆಯ ಕೆಳಮೈಯನ್ನೂ ಒಂದೇ ರೀತಿಯಲ್ಲಿ ತೋರಿಸುತ್ತವೆ. ಬ್ಯಾಂಕ್ಸಿಯದ ಎಲೆಯ ಕೆಳಮೈ ನಿಜವಾಗಿಯೂ ಮಾಸಲು ಬಣ್ಣದ್ದು. ಫಲಕವನ್ನು ಮಾತ್ರ ಕಂಡವನಿಗೆ ಅದು ಬಣ್ಣವೋ ಬೆಳಕೋ ಎಂಬುದು ನಿಶ್ಚಯವಾಗದು. ನ್ಯೂಜಿಲೆಂಡಿನ ಗಿಣಿಕೊಕ್ಕಿನಂತಹ ಕೆಂಪುಹೂವಿನ ಕ್ಲಯಾಂಥಸ್ ಗಿಡದಲ್ಲಿ ಕೆಂಪು ಹೂವಿನ ನೆರಳೂ ಹಸಿರೆಲೆಯ ನೆರಳೂ ಒಂದೇ ಕಪ್ಪು. ಇಲ್ಲಿ ಶ್ಲೇಷವು ಅಲಂಕಾರವಲ್ಲ, ಸಂದಿಗ್ಧತೆ. ಫಲಕವು ತನ್ನಷ್ಟಕ್ಕೆ ತಾನು ಪೂರ್ಣವಾದ ಕೃತಿಯಲ್ಲ, ಸೊಲಾಂಡರನ ಲ್ಯಾಟಿನ್ ವರ್ಣನೆಯ ಪಕ್ಕದಲ್ಲಿಟ್ಟು ಓದಬೇಕಾದ ಕೃತಿ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

೫

ಈ ವರ್ಣನೆಗಳೂ ಫಲಕಗಳೂ ಒಟ್ಟಿಗೆ ಪ್ರಕಟವಾಗಿದ್ದರೆ ಸಸ್ಯಶಾಸ್ತ್ರದ ಚರಿತ್ರೆಯೇ ಬೇರೆಯಾಗುತ್ತಿದ್ದಿತು. ಅವು ಪ್ರಕಟವಾಗಲಿಲ್ಲ. ಸೊಲಾಂಡರನು ೧೭೮೨ರಲ್ಲಿ ತೀರಿಕೊಂಡನು. ಬ್ಯಾಂಕ್ಸನು ೧೭೭೮ರಿಂದ ರಾಯಲ್ ಸೊಸೈಟಿಯ ಅಧ್ಯಕ್ಷನಾಗಿ, ೧೮೨೦ರಲ್ಲಿ ಮರಣ ಹೊಂದುವವರೆಗೂ ಆ ಪದವಿಯಲ್ಲಿದ್ದು, ಇತರ ಕಾರ್ಯಗಳಲ್ಲಿ ಮಗ್ನನಾದನು. ಫಲಕಗಳು ಅವನ ಮನೆಯಿಂದ ಬ್ರಿಟಿಷ್ ಮ್ಯೂಸಿಯಮಿಗೆ ಸೇರಿದುವು. ಅಚ್ಚಾಗಬೇಕಾಗಿದ್ದ ಗ್ರಂಥವು ಭಂಡಾರದ ವಸ್ತುವಾಯಿತು.

ಇದರಿಂದಾದ ನಷ್ಟವು ಅಲ್ಪವಾದುದಲ್ಲ. ಈ ಯಾನದಲ್ಲಿ ಶಾಸ್ತ್ರಕ್ಕೆ ಹೊಸದಾದ ಸಾವಿರಕ್ಕೂ ಮಿಕ್ಕ ಪ್ರಭೇದಗಳು ದೊರೆತಿದ್ದುವು. ಸೊಲಾಂಡರನು ಅವುಗಳಿಗೆ ಹೆಸರಿಟ್ಟಿದ್ದನು. ಆದರೆ ಸಸ್ಯಶಾಸ್ತ್ರದಲ್ಲಿ ಮುದ್ರಿತವಾಗದ ಹೆಸರು ಹೆಸರಲ್ಲ. ಮೇಲೆ ಹೇಳಿದ ಗಿಣಿಕೊಕ್ಕಿನ ಗಿಡಕ್ಕೆ ಕ್ಲಯಾಂಥಸ್ ಎಂಬ ಸೊಲಾಂಡರನ ಹೆಸರು ಲಿಂಡ್ಲಿಯೆಂಬ ವಿದ್ವಾಂಸನ ಮೂಲಕ ಬೆಳಕಿಗೆ ಬಂದುದು ೧೮೩೫ರಲ್ಲಿ, ಹೆಸರಿಟ್ಟವನು ತೀರಿಕೊಂಡು ಐವತ್ತು ವರ್ಷಗಳಾದ ಮೇಲೆ. ಇತರ ಎಷ್ಟೋ ಗಿಡಗಳನ್ನು ಬೇರೆಯವರು ಬೇರೆ ಹೆಸರುಗಳಿಂದ ಮೊದಲು ಪ್ರಕಟಿಸಿದರು.

ಕುಕ್ಕನ ಎರಡನೆಯ ಯಾನದಲ್ಲಿ ಹೋಗಿಬಂದ ಫಾರ್‌ಸ್ಟರ್ ತಂದೆಮಕ್ಕಳ ನಡತೆ ಇದಕ್ಕೆ ವಿರುದ್ಧವಾದುದು. ೧೭೭೫ರಲ್ಲಿ ಹಿಂದಿರುಗಿದ ಅವರು ೧೭೭೬ರ ಮುದ್ರೆಯಲ್ಲಿಯೇ ಹೊಸ ಸಸ್ಯಜಾತಿಗಳ ಲಕ್ಷಣಗ್ರಂಥವನ್ನು ಹೊರತಂದರು. ಅದರ ಫಲಕಗಳಲ್ಲಿ ಬಿಡಿಸಿದ ಹೂವಿನ ಅಂಗಗಳು ಮಾತ್ರ ಇವೆ; ಚೆಲುವಿಲ್ಲ, ಅವಸರದ ಗುರುತುಗಳಿವೆ. ಆದರೂ ಅವರು ಕೊಟ್ಟ ಜಾತಿನಾಮಗಳಲ್ಲಿ ಅನೇಕವು ಶಾಸ್ತ್ರದಲ್ಲಿ ನೆಲೆನಿಂತುವು. ಪರಿಪೂರ್ಣತೆಗಾಗಿ ಕಾದ ಗ್ರಂಥವು ಭಂಡಾರದಲ್ಲಿ ಉಳಿಯಿತು. ಅಪೂರ್ಣವಾದರೂ ಹೊರಬಂದ ಗ್ರಂಥವು ವಿದ್ವಾಂಸರ ಕೈಸೇರಿತು. ನಮ್ಮ ಸಂಪಾದಕರಿಗೂ ಇಲ್ಲಿ ಒಂದು ಪಾಠವಿದೆ. ಸರ್ವಶುದ್ಧವಾದ ಪಾಠವು ಸಿದ್ಧವಾಗುವವರೆಗೆ ಹಸ್ತಪ್ರತಿಯನ್ನು ಪೆಟ್ಟಿಗೆಯಲ್ಲಿಡುವುದು ಕೃತಿಗೆ ಮಾಡುವ ಉಪಕಾರವೆಂದು ಹೇಳಲಾಗದು.

ಹಾಗೆಯೇ ಮತ್ತೊಂದು ಕಡೆಯ ಸೋಲನ್ನೂ ನೆನೆಯಬಹುದು. ೧೮೦೧ರಲ್ಲಿ ಇನ್ವೆಸ್ಟಿಗೇಟರ್ ಹಡಗಿನಲ್ಲಿ ಆಸ್ಟ್ರೇಲಿಯಕ್ಕೆ ಹೊರಟ ಫರ್ಡಿನಂಡ್ ಬಾಯರನು ಪಾರ್ಕಿನ್‌ಸನ್ನನ ಮಾತಿನ ಟಿಪ್ಪಣಿಗಳ ಬದಲು ಬಣ್ಣಗಳಿಗೆ ಅಂಕಿಗಳನ್ನು ಗೊತ್ತುಮಾಡಿಕೊಂಡು, ಕರಡಿನ ಒಂದೊಂದು ಭಾಗದಲ್ಲಿಯೂ ಅಂಕಿಯನ್ನು ಬರೆದಿಟ್ಟು, ಊರಿಗೆ ಬಂದ ಮೇಲೆ ಆ ಅಂಕಿಗಳಿಂದ ಬಣ್ಣವನ್ನು ಪುನರುಜ್ಜೀವಿಸಿದನು. ಕರಡು ಬರೆದವನೂ, ಮುಗಿಸಿದವನೂ, ತಾಮ್ರದಲ್ಲಿ ಕಂಡರಿಸಿದವನೂ ಒಬ್ಬನೇ ಆದ ಅಪೂರ್ವ ಪ್ರಸಂಗವಿದು. ಆದರೆ ಅವನು ೧೮೧೩ರಿಂದ ಹೊರತಂದ ಗ್ರಂಥವು ೧೫ ಫಲಕಗಳಿಗೇ ನಿಂತುಹೋಯಿತು. ಹಲವು ಕೈಗಳ ಕೆಲಸದಲ್ಲಿ ಏಕತೆ ಕಡಮೆ. ಒಂದೇ ಕೈಯ ಕೆಲಸದಲ್ಲಿ ವಿಸ್ತಾರ ಕಡಮೆ.

೬

ಬ್ಯಾಂಕ್ಸನ ಫಲಕಗಳಿಗೆ ಮುದ್ರಣದ ಭಾಗ್ಯವು ತಡವಾಗಿ, ಅದೂ ಕಂತುಕಂತಾಗಿ ಬಂದಿತು. ೧೯೦೦ರಿಂದ ೧೯೦೫ರವರೆಗೆ ಜೇಮ್ಸ್ ಬ್ರಿಟನ್ ಎಂಬ ವಿದ್ವಾಂಸನು ಆಸ್ಟ್ರೇಲಿಯದ ಮುನ್ನೂರಕ್ಕೂ ಹೆಚ್ಚು ಗಿಡಗಳ ಚಿತ್ರಗಳನ್ನು ಕಲ್ಲಚ್ಚಿನಲ್ಲಿ, ಸೊಲಾಂಡರನ ವರ್ಣನೆಗಳೊಡನೆ ಪ್ರಕಟಿಸಿದನು. ಅದು ಶಾಸ್ತ್ರಕ್ಕೆ ಉಪಯುಕ್ತವಾದರೂ ತಾಮ್ರದ ಗೆರೆಯ ಜೀವವು ಕಲ್ಲಚ್ಚಿನಲ್ಲಿ ಉಳಿಯಲಿಲ್ಲ. ೧೯೭೩ರಲ್ಲಿ ಮೂಲ ತಗಡುಗಳಿಂದಲೇ ಮೂವತ್ತು ಚಿತ್ರಗಳನ್ನು ಕಪ್ಪುಮಸಿಯಲ್ಲಿ ಅಚ್ಚುಮಾಡಿದರು. ಕೊನೆಗೆ ೧೯೮೦ರಿಂದ ೧೯೯೦ರವರೆಗೆ ಅಲೆಕ್ಟೊ ಸಂಸ್ಥೆಯು ಮ್ಯೂಸಿಯಮಿನ ಸಹಕಾರದಿಂದ ೭೩೮ ತಗಡುಗಳನ್ನು, ನೂರು ಪ್ರತಿಗಳ ಪ್ರಮಾಣದಲ್ಲಿ, ಬಣ್ಣಗಳಲ್ಲಿ ಅಚ್ಚುಮಾಡಿಸಿತು. ಕಂಡರಣೆ ಮುಗಿದ ಎರಡು ಶತಮಾನಗಳ ಮೇಲೆ ಕೃತಿಯು ಸಂಪೂರ್ಣವಾಗಿ ಹೊರಬಂದಂತಾಯಿತು.

ಈ ಮುದ್ರಣದ ಕೌಶಲವನ್ನು ಎಷ್ಟು ಹೊಗಳಿದರೂ ಸಲ್ಲುವುದು. ಒಂದೇ ತಗಡಿನ ಬೇರೆಬೇರೆ ಭಾಗಗಳಿಗೆ ಬಟ್ಟೆಯ ಸಣ್ಣ ಉಂಡೆಗಳಿಂದ ಬೇರೆಬೇರೆ ಬಣ್ಣದ ಮಸಿಯನ್ನು ತುಂಬಿ ಒಂದೇ ಬಾರಿಗೆ ಒತ್ತುವ ಹಳೆಯ ಕ್ರಮವನ್ನು ಅವರು ಅನುಸರಿಸಿದರು. ಪ್ರತಿಯೊಂದು ಅಚ್ಚಿಗೂ ಬಣ್ಣಗಳನ್ನು ಹೊಸದಾಗಿ ತುಂಬಬೇಕು. ಪಾರ್ಕಿನ್‌ಸನ್ನನ ಟಿಪ್ಪಣಿಗಳನ್ನೂ ಪೂರ್ಣಗೊಂಡ ಚಿತ್ರಗಳನ್ನೂ ನೋಡಿ ಬಣ್ಣಗಳನ್ನು ನಿರ್ಧರಿಸಿದರು. ಇದು ಶ್ರದ್ಧೆಯ ಕೆಲಸ.

ಆದರೂ ಇದನ್ನು ಬ್ಯಾಂಕ್ಸನ ಕೃತಿಯೆಂದು ಒಪ್ಪುವಲ್ಲಿ ನಮಗೆ ಸಂಕೋಚವುಂಟು. ಬ್ಯಾಂಕ್ಸನ ಕಾಲದಲ್ಲಿ ತೆಗೆದ ಕರಡಚ್ಚುಗಳು ಕಪ್ಪುಮಸಿಯವು. ಕಂಡರಣೆಗಾರನು ಗೆರೆಗಳ ಸಾಂದ್ರತೆಯನ್ನು ಕಪ್ಪುಬಿಳುಪಿನ ಲೆಕ್ಕದಲ್ಲಿ ಅಳೆದವನು. ಹೂವಿನ ದಳದ ನೆರಳನ್ನು ತೋರಿಸಲು ಅವನು ಕೊರೆದ ಒತ್ತುಗೆರೆಯು ಕೆಂಪುಮಸಿಯನ್ನು ತುಂಬಿಕೊಂಡಾಗ ನೆರಳಾಗಿ ಉಳಿಯದೆ ಕಡುಗೆಂಪಾಗಿ ಕಾಣುತ್ತದೆ. ತೆಳುಗೆರೆಯು ಹಳದಿಯಲ್ಲಿ 'ಇಲ್ಲ' ಎನ್ನುವಷ್ಟು ಕ್ಷೀಣವಾಗುತ್ತದೆ. ಕಪ್ಪಿನಲ್ಲಿದ್ದ ಒಂದು ಸಂದಿಗ್ಧತೆಯು ಬಣ್ಣದಿಂದ ಪರಿಹಾರವಾಗುವುದು ನಿಜ. ಆದರೆ ಗೆರೆಗಳ ಪರಸ್ಪರ ತೂಕವು ಬದಲಾಗುವುದೂ ಅಷ್ಟೇ ನಿಜ. ಬೋಗನ್‌ವಿಲ್ಲದಲ್ಲಿ ಗೆರೆಯು ಬಿಡಿಸಿದ ಭ್ರಮೆಯನ್ನು ಬಣ್ಣವು ಮತ್ತೆ ಕಟ್ಟುತ್ತದೆ.

ಹಾಗಾದರೆ ಬಣ್ಣದ ಮುದ್ರಣವನ್ನು ಏನೆಂದು ಕರೆಯಬೇಕು? ಅದು ಟೀಕೆ. ಒಳ್ಳೆಯ ಟೀಕೆ, ಮೂಲವನ್ನು ಬಲ್ಲ ಟೀಕೆ; ಆದರೆ ಟೀಕೆಯೇ. ಪದ್ಯದ ಕೆಳಗೆ ಅಚ್ಚಾದ ವ್ಯಾಖ್ಯಾನವನ್ನು ಯಾರೂ ಕವಿಯ ಮಾತೆಂದು ಓದುವುದಿಲ್ಲ. ಇಲ್ಲಿ ವ್ಯಾಖ್ಯಾನವು ಪದ್ಯದ ಅಕ್ಷರಗಳೊಳಗೇ ತುಂಬಿಕೊಂಡಿರುವುದರಿಂದ ಓದುಗನು ಮೋಸಹೋಗುವ ಸಂಭವ ಹೆಚ್ಚು. ೨೦೧೭ರಲ್ಲಿ ಈ ಬಣ್ಣದ ಅಚ್ಚುಗಳಿಂದ ಆಯ್ದ ಚಿತ್ರಗಳ ಗ್ರಂಥವೊಂದು ಹೊರಬಂದು, ಇವು ಮತ್ತಷ್ಟು ಜನರ ಕೈಸೇರಿದುವು. ಚಿತ್ರದ ಮೂರು ಅವಸ್ಥೆಗಳನ್ನೂ, ಎಂದರೆ ಪಾರ್ಕಿನ್‌ಸನ್ನನ ಕರಡು, ಕಪ್ಪುಮಸಿಯ ಅಚ್ಚು, ಬಣ್ಣದ ಅಚ್ಚು ಇವನ್ನು, ಪಕ್ಕಪಕ್ಕದಲ್ಲಿಟ್ಟು ತೋರಿಸಿದಾಗಲೇ ವಿದ್ಯಾರ್ಥಿಗೆ ನಿಜವಾದ ಬೋಧೆಯಾಗುವುದು.

೭

ಕೊನೆಯದಾಗಿ ಕರ್ತೃತ್ವದ ಮಾತು. ೧೯೦೦ರ ಪ್ರಕಟಣೆಯ ಮುಖಪುಟದಲ್ಲಿ ಗ್ರಂಥಕರ್ತರೆಂದು ಬ್ಯಾಂಕ್ಸನ ಹೆಸರೂ ಸೊಲಾಂಡರನ ಹೆಸರೂ ಇವೆ. ೧೯೮೦ರ ಮುದ್ರಣವು ಬ್ಯಾಂಕ್ಸನ ಹೆಸರನ್ನೇ ಹೊತ್ತಿದೆ. ಹಣವನ್ನು ಕೊಟ್ಟವನೂ ಯೋಜನೆಯನ್ನು ಕಲ್ಪಿಸಿದವನೂ ಅವನೇ ಆದುದರಿಂದ ಇದು ಸುಳ್ಳಲ್ಲ. ಆದರೆ ಪೂರ್ಣಸತ್ಯವೂ ಅಲ್ಲ.

ಪಾರ್ಕಿನ್‌ಸನ್ನನ ಬರಹಗಳ ವಿಷಯವಾಗಿ ಅವನ ಅಣ್ಣನಾದ ಸ್ಟಾನ್‌ಫೀಲ್ಡನಿಗೂ ಬ್ಯಾಂಕ್ಸನಿಗೂ ವಿವಾದವೆದ್ದಿತು. ನ್ಯಾಯಾಲಯದ ತಡೆಯನ್ನು ದಾಟಿ ೧೭೭೩ರಲ್ಲಿ ಅಣ್ಣನು ತಮ್ಮನ ದಿನಚರಿಯನ್ನು ಪ್ರಕಟಿಸಿದನು. ಆ ಗ್ರಂಥದಲ್ಲಿ ತಾಹಿತಿಯ ಉಪಯುಕ್ತ ಸಸ್ಯಗಳ ಪಟ್ಟಿಯೊಂದಿದೆ. ನಮ್ಮ ಕರಾವಳಿಯಲ್ಲಿ ಜೀಗುಜ್ಜೆಯೆಂದೂ ಇತರ ಕಡೆ ದೀವಿಹಲಸೆಂದೂ ಪ್ರಸಿದ್ಧವಾದ ಮರಕ್ಕೆ ಅದರಲ್ಲಿ ಸಿಟೋಡಿಯಮ್ ಆಲ್ಟೈಲ್ ಎಂಬ ಲ್ಯಾಟಿನ್ ಹೆಸರಿದೆ. ೧೯೪೧ರಲ್ಲಿ ಫಾಸ್‌ಬರ್ಗ್ ಎಂಬ ಸಸ್ಯಶಾಸ್ತ್ರಜ್ಞನು ಈ ಹೆಸರಿನ ಆದ್ಯತೆಯನ್ನು ಗುರುತಿಸಿ, ಆ ಮರವನ್ನು ಆರ್ಟೋಕಾರ್ಪಸ್ ಆಲ್ಟಿಲಿಸ್ ಎಂದು ಸ್ಥಿರಪಡಿಸಿದನು. ಅಂದಿನಿಂದ ಆ ಹೆಸರಿನ ಮುಂದೆ ಕಂಸದೊಳಗೆ ಪಾರ್ಕಿನ್‌ಸನ್ನನ ಹೆಸರು ನಿಯಮಾನುಸಾರವಾಗಿ ಬರುತ್ತಿದೆ. ಪಟ್ಟಿಯ ಲ್ಯಾಟಿನ್ ಹೆಸರುಗಳು ಸೊಲಾಂಡರನ ಬಳಕೆಯಿಂದ ಬಂದಿರುವುದು ಸಂಭವ. ಹೀಗೆ ಚಿತ್ರ ಬರೆದವನಿಗೆ ಚಿತ್ರದ ಮುಖಪುಟದಲ್ಲಿ ದೊರೆಯದ ಸ್ಥಾನವು, ಪ್ರಾಯಶಃ ಬೇರೊಬ್ಬನು ಇಟ್ಟ ಹೆಸರಿನ ಪಕ್ಕದಲ್ಲಿ ದೊರೆಯಿತು. ಮುದ್ರಿತವಾದುದೇ ಪ್ರಮಾಣವೆಂಬ ನಿಯಮವು ಒಬ್ಬನಿಂದ ಕಸಿದು ಇನ್ನೊಬ್ಬನಿಗೆ ಕೊಟ್ಟ ಬಗೆಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವು ದೊರೆಯಲಾರದು.

ಪಾರ್ಕಿನ್‌ಸನ್ನನ ಹೆಸರಾದರೂ ಉಳಿದಿದೆ. ಬ್ಯಾಂಕ್ಸನ ಮೇಲ್ವಿಚಾರಣೆಯಲ್ಲಿಯೇ ೧೭೯೫ರಿಂದ ಪ್ರಕಟವಾದ, ರಾಕ್ಸ್‌ಬರೋ ವಿದ್ವಾಂಸನ ಚೋಳಮಂಡಲ ತೀರದ ಸಸ್ಯಗಳ ಗ್ರಂಥದಲ್ಲಿ ೩೦೦ ಫಲಕಗಳಿವೆ. ಬ್ಯಾಂಕ್ಸನ ಫಲಕಗಳನ್ನು ಕೊರೆದ ಮೆಕೆಂಜಿಯ ಉಳಿಯು ಅಲ್ಲಿಯೂ ಕೆಲಸಮಾಡಿದೆ. ಆ ಫಲಕಗಳಿಗೆ ಆಧಾರವಾದ ಚಿತ್ರಗಳನ್ನು ಬರೆದವರು ನಮ್ಮ ದೇಶದ ಚಿತ್ರಕಾರರು. ಗ್ರಂಥವು ಅವರ ಹೆಸರುಗಳನ್ನು ಹೇಳುವುದಿಲ್ಲ. ಕೊರೆದವನನ್ನು ನಾವು ಬಲ್ಲೆವು, ಕೊರೆಯಿಸಿದವನನ್ನು ಬಲ್ಲೆವು, ಬರೆದವನನ್ನು ಅರಿಯೆವು.

ಈ ಸಂದರ್ಭದಲ್ಲಿ ನಮ್ಮ ಶಾಸನಗಳ ಪದ್ಧತಿಯು ಸ್ಮರಣೀಯವಾಗಿದೆ. ಎಷ್ಟೋ ಶಿಲಾಶಾಸನಗಳ ಕೊನೆಯಲ್ಲಿ ದಾನವನ್ನು ಕೊಟ್ಟ ಅರಸನ ಹೆಸರಷ್ಟೇ ಅಲ್ಲದೆ, ಶಾಸನವನ್ನು ರಚಿಸಿದ ಕವಿಯ ಹೆಸರು, ಬರೆದ ಲೇಖಕನ ಹೆಸರು, ಕಂಡರಿಸಿದ ರೂವಾರಿಯ ಹೆಸರು ಬೇರೆಬೇರೆಯಾಗಿ ನಿರೂಪಿತವಾಗಿವೆ. ಒಂದು ಕೃತಿಯು ಹಲವರದಾಗಬಹುದು, ಹಾಗಾದಾಗ ಯಾವ ಭಾಗವು ಯಾರದೆಂದು ಹೇಳುವುದು ಗೌರವಕ್ಕೆ ಕುಂದಲ್ಲ ಎಂಬ ವಿವೇಕವು ಆ ಪದ್ಧತಿಯಲ್ಲಿದೆ. ಯಾನಗಳ ಸಸ್ಯಫಲಕಗಳ ಅಧ್ಯಯನಕ್ಕೆ ಇದೇ ಕ್ರಮವು ಯೋಗ್ಯವಾದುದು. ಪ್ರತಿಯೊಂದು ಫಲಕದ ಕೆಳಗೆ ಗಿಡವನ್ನು ತಂದವನು, ಕರಡನ್ನು ಬರೆದವನು, ಪೂರ್ಣಗೊಳಿಸಿದವನು, ಕಂಡರಿಸಿದವನು, ಬಣ್ಣವನ್ನು ತುಂಬಿದವನು ಎಂದು ಹಸ್ತಪರಂಪರೆಯನ್ನು ನಮೂದಿಸಿ, ಹೆಸರು ತಿಳಿಯದಲ್ಲಿ ಆ ಸ್ಥಳವನ್ನು ಬರಿದಾಗಿಯೇ ಬಿಡಬೇಕು. ಪಾರ್ಕಿನ್‌ಸನ್ನನು ತನ್ನ ಕಾಗದದಲ್ಲಿ ಎಲೆಗಳನ್ನು ಬರಿದಾಗಿ ಬಿಟ್ಟಂತೆ, ತಿಳಿದುದಕ್ಕೂ ತಿಳಿಯದುದಕ್ಕೂ ನಡುವಣ ಎಲ್ಲೆಯು ಅಲ್ಲಿ ಕಾಣಬೇಕು. ಅಷ್ಟಾದರೆ ಈ ಫಲಕಗಳು ಬರಿಯ ಅಲಂಕಾರದ ವಸ್ತುಗಳಾಗದೆ, ಓದಬಲ್ಲ ಪಾಠಗಳಾಗಿ ವಿದ್ವಾಂಸರ ಕೈಸೇರುವುವು.